ಪಕ್ಕದ ಮನೆಯಕ್ಕ ಪಳಗಿಸಿದ ಹುಂಜ

ಹಿರೇನಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯಕ್ಕ ಕೆಂಪು ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡೇ ಅಂಗಳ ಗುಡಿಸುತ್ತಿದ್ದಳು. ಕಂಡಕಂಡವರ ಮೇಲೆ ಹಾರಿ ಕುಕ್ಕುವ ಹುಂಜ ಅದು. "ಇನ್ನೊಬ್ರನ್ನ ಕುಕ್ಕಿದ್ರೆ ಕೊಯ್ದು ಸಾರು ಮಾಡ್ತೀನಿ ಕಣೇ" ಅಂದಿದ್ದಳು ಅವಳ ಅತ್ತೆ. ಅದನ್ನು ಉಳಿಸಿಕೊಳ್ಳಲೆಂದೇ ಅಕ್ಕ ಅದರ ತಲೆಯನ್ನು ಮೆಲ್ಲಗೆ ಬಗ್ಗಿಸಿ, "ಮಾನವಾಗಿರು ಮಗಾ" ಅನ್ನುತ್ತಿದ್ದಳು. ಬರಬರುತ್ತಾ ಹುಂಜ ಯಾರು ಕರೆದರೂ ಬಂದು ಅಂಗೈಯಿಂದ ರಾಗಿ ತಿನ್ನತೊಡಗಿತು.

ಒಂದು ದಿನ ಅಕ್ಕ ನೀರಿಗೆ ಹೋಗಿದ್ದಾಗ ಬೀಗರು ಬಂದರು. ಬೇರೆ ಕೋಳಿಗಳೆಲ್ಲ ಬೇಲಿ ಹಾರಿದವು. ಇದೊಂದು ಮಾತ್ರ ಅತ್ತೆ ಕೈ ಚಾಚಿದೊಡನೆ ಬಂತು.

"ಎಷ್ಟು ಸಾಧು ಕಣ್ರೀ, ಅಟ್ಟಿಸ್ಕೊಂಡು ಓಡೋದೇ ಬೇಕಾಗ್ಲಿಲ್ಲ" ಎಂದು ಅತ್ತೆ ಊಟಕ್ಕೆ ಕೂತ ಬೀಗರೆದುರು ಹೊಗಳಿದಳು. ಅಕ್ಕ ಮುದ್ದೆ, ಕೋಳಿಸಾರು ಬಡಿಸಿದಳು.

ಆಮೇಲೆ ಅವರ ಮನೆಯಲ್ಲಿ ಬೆಳೆದ ಹುಂಜವೊಂದು ನನ್ನ ಕಾಲನ್ನು ರಕ್ತ ಬರುವಂತೆ ಕುಕ್ಕಿತು. "ಇದನ್ನೂ ಪಳಗಿಸಕ್ಕಾ" ಅಂದೆ. ಮೊರದಿಂದ ತಲೆಯೆತ್ತದೆ ಅಂದಳು: "ಕುಕ್ಲಿ ಬಿಡವ್ವ, ಬದುಕ್ಕೊಳ್ತದೆ."