ಎರೆಭೂತಕ್ಕೆ ನೆಟ್ಟ ದೃಷ್ಟಿಗಡಿಗೆ

ನಮ್ಮ ಮಾವನವರು ಮದುವೆಗಳಿಗೆ ಹೋಗುವುದು ಊಟಕ್ಕೋ ಹಕ್ಕಿಗೋ ಎಂದು ಮನೆಯಲ್ಲಿ ಒಂದು ಜೋಕ್ ಇತ್ತು. ಎಪ್ಪತ್ತರ ದಶಕದ ಮೊದಮೊದಲ ಮಾತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದ ನಾನು ಸೊಸೆಯಾಗಿ ಮೊರಬ ಎಂಬ ಹಳ್ಳಿಗೆ ಬಂದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಅಪ್ಪ ಕೊಟ್ಟ ಬೈನಾಕ್ಯುಲರ್ ಇತ್ತು. ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ನನಗೆ ಹಕ್ಕಿಯ ಹುಚ್ಚು ಹಿಡಿಸಿದ್ದರು. ಅನ್‌ಫಾರ್ಚುನೇಟ್ಲಿ ಅವರು ಹೇಳಿಕೊಟ್ಟದ್ದು ಹೆಚ್ಚಾಗಿ ರಾಬಿನ್, ಸ್ಕೈಲಾರ್ಕ್ ಎಂದು ಅವರ ನಾಡಿನ ಹಕ್ಕಿಗಳನ್ನೇ. ಮೊರಬದಲ್ಲಿ ಹೊಸ ಸೊಸೆ ದುರ್ಬೀನು ಹಿಡಿದು ಹೊಲ ಹೊಲ ತಿರುಗುವುದು ಚೆಂದವಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನಗೇ ತಿಳಿಯಿತು. ಮಾವನವರಿಗೂ ತಿಳಿದಿತ್ತು ಎಂದು ಕಾಣುತ್ತದೆ. ಅವರೇ ಹಕ್ಕಿ ನೋಡಿ ಬಂದು ನನಗೆ ಹೇಳತೊಡಗಿದರು.

ಬೇಸಿಗೆಯ ಕೊನೆ ಎಂದರೆ ಮದುವೆಗಳ ಸೀಸನ್. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಎಲ್ಲಿ ಬೀಗರಿದ್ದರೂ ಇವರು ಹಾಜರು. ಸಂಜೆ ಬಸ್ಸಿಳಿದು ಬಂದು, ಟವೆಲಿನಲ್ಲಿ ಕಟ್ಟಿದ ಬುಂದೇ ಲಾಡು ಅತ್ತೆಯವರಿಗೆ ಕೊಟ್ಟು, ಹಕ್ಕಿಯನ್ನು ನನಗೆ ಕೊಡುತ್ತಿದ್ದರು.

“ತಂಬೂರ ಕೆರ್ಯಾಗ ನೀರು ಇಷ್ಟ ಉಳದೈತಿ ನೋಡವಾ ತಂಗಿ. ಅದರಾಗ ಒಂದು ನಿಂತಿತ್ತು. ಉದ್ದನ್ನ ಹಳದಿ ಕೊಕ್ಕು, ಹಿಂದ ಗುಲಾಬಿ ಪುಕ್ಕ. ಅಗದಿ ಬೀಗತಿ ಉಟಗೊಂಡು ನಿಂತಂಗ.”

“ಪೇಂಟೆಡ್ ಸ್ಟಾರ್ಕ್,” ಎನ್ನುತ್ತಿದ್ದೆ.

“ಹಾಂ, ಅದ,” ಎಂದು ಮೊದಲೇ ಗೊತ್ತಿದ್ದವರಂತೆ ತಲೆಯಾಡಿಸುತ್ತಿದ್ದರು. ಕುಂದಗೋಳ ಸ್ಟೇಷನ್ನಿನ ಬೇವಿನ ಮರದಲ್ಲಿ ತುರಾಯಿಯ ಕಪ್ಪು ಬಿಳಿ ಹಕ್ಕಿ ಕಂಡಿತೆಂದರೆ ಅದು ಪೈಡ್ ಕಕ್ಕೂ, ಮಳೆ ಹತ್ತಿರ ಬಂತೆಂದು ಅರ್ಥ. ಕೆಲವು ಹಕ್ಕಿಗಳು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವು ಬೀಗರ ಊಟದ ಮೇಲಿನ ನಿದ್ದೆಯಲ್ಲಿ ಕಂಡವು ಎಂದು ಅತ್ತೆಯವರ ಅಭಿಪ್ರಾಯ.

“ಸಾಕ ಬಿಡ್ರಿ ನಿಮ್ಮ ಹಕ್ಕಿಪುರಾಣ. ಹೊಲಾ ಹರಗೂದು ಯಾವಾಗ?” ಎಂದು ಅವರು ಲಾಡು ಡಬ್ಬಿಗೆ ತುಂಬುತ್ತಿದ್ದರು.

ಒಂದು ವರ್ಷ ಹಕ್ಕಿ ನಮ್ಮ ಹೊಲಕ್ಕೇ ಬಂತು. ಒಂದು ಬೆಳಿಗ್ಗೆ ಮಾವನವರು ಹೊಲದಿಂದ ದಾಪುಗಾಲು ಹಾಕುತ್ತ ಬಂದರು. “ತಂಗಿ, ನಿನ್ನ ದುರ್ಬೀನ ತಗೋ. ಹೋಗೂಣು.” ನನ್ನ ಮುಖ ನೋಡಿ ಅತ್ತೆಯವರೂ ಬುತ್ತಿಗಂಟು ಹಿಡಿದು ಹೊರಟರು. ಬುತ್ತಿ ಒಯ್ಯುವ ಹೆಂಗಸರನ್ನು ಯಾರು ಏನನ್ನುತ್ತಾರೆ?

ಬದುವಿನ ಜಾಲಿಯ ಮರೆಯಿಂದ ನೋಡಿದೆ. ಮೊದಲು ಕಂಡದ್ದು ಬಿರಿದ ಕಪ್ಪು ಎರೆಮಣ್ಣು, ಕೊಯ್ದ ಜೋಳದ ಕೂಳೆ, ಅಷ್ಟೇ. ಆಮೇಲೆ ನಾನು ಗೂಟ ಎಂದುಕೊಂಡದ್ದು ಕುತ್ತಿಗೆಯಾಯಿತು. ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆಹೊಲದಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಲ್ಲುವುದರಿಂದ ಜನ ಅದನ್ನು ಎರೆಭೂತ ಎನ್ನುತ್ತಿದ್ದರು. ಆಗಲೇ ಅಪರೂಪವಾಗಿತ್ತು. ಈಗ ಆ ಸೀಮೆಯಲ್ಲಿ ಕಂಡೆ ಎನ್ನುವವರು ಯಾರೂ ನನಗೆ ಸಿಕ್ಕಿಲ್ಲ. ಸೊಂಟದೆತ್ತರದ ಆ ಹಕ್ಕಿ ಎದ್ದು ನಾಲ್ಕು ಹೆಜ್ಜೆ ನಡೆಯಿತು, ಹೆಡ್‌ಮಿಸ್ಟ್ರೆಸ್ ಪ್ರೇಯರಿಗೆ ನಡೆದ ಹಾಗೆ. ಅದು ಕುಳಿತಿದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಒಂದೇ ಒಂದು ಮೊಟ್ಟೆ. ಕೆಳಗೊಂದು ಹುಲ್ಲೆಳೆಯೂ ಇಲ್ಲ.

“ಒಂದ ಐತಲ್ರಿ,” ಎಂದರು ಅತ್ತೆ, ಮೆಲ್ಲಗೆ. ಅವರಿಗೂ ಒಬ್ಬನೇ ಮಗ, ನನ್ನ ಗಂಡ. ಆ ಕ್ಷಣದಿಂದ ಆ ಮೊಟ್ಟೆ ನನ್ನದಲ್ಲ, ಅವರದಾಯಿತು.

ಕಷ್ಟವಿದ್ದದ್ದು ಮುಯ್ಯಿಯದು. ನಾಲ್ಕಾರು ಮನೆಯವರು ಎತ್ತು ಕೂಡಿಸಿ, ಪಾಳಿಯ ಮೇಲೆ ಒಬ್ಬರ ಹೊಲವನ್ನು ಎಲ್ಲರೂ ಹರಗಿ ಕೊಡುವ ಪದ್ಧತಿ ಅದು. ಮಳೆಗೆ ಮೊದಲು ಕುಂಟೆ ಹೊಡೆದು ಕೂಳೆ ಕಿತ್ತಾಗಬೇಕು. ಪಾಳಿ ಬಿಟ್ಟರೆ ಮತ್ತೆ ಸಿಗದು. ನಮ್ಮ ಪಾಳಿ ಆ ರವಿವಾರ ಬಂತು. ಹಕ್ಕಿಯಿಲ್ಲದ ಕಡೆಯ ಅರ್ಧ ಹೊಲ ಮುಗಿಸಿ, ಬಾಜೂ ಹೊಲದ ಕಾಕಾ ಎತ್ತು ಬಿಡುತ್ತ ಹೇಳಿದರು: “ನಾಳೆ ಸ್ವಾಮಾರ, ಎತ್ತಿಗಿ ಸೂಟಿ, ಹೂಡಂಗಿಲ್ಲ. ಮಂಗಳಾರ ಈ ಕಡೆ ಹೊಡಿತೀವಿ. ತತ್ತಿ ಎಲ್ಲೈತಿ ಅಂತ ಒಂದು ಗುರುತಾ ಮಾಡಿಡ್ರಿ ವೈನಿ, ಕುಂಟಿ ಎತ್ತಿ ದಾಟಸ್ತೀವಿ. ಮಣ್ಣೂ ತತ್ತೀನೂ ಒಂದ ಬಣ್ಣ ಅದಾವು.”

ಅತ್ತೆಯವರು ಮಾಡಿದ ಗುರುತನ್ನು ನಮ್ಮ ಸೀಮೆಯ ಯಾವ ಹೆಂಗಸಾದರೂ ಮಾಡುತ್ತಿದ್ದಳು. ಮಸಿ ಹಿಡಿದ ಹಳೆಯ ಗಡಿಗೆಗೆ ಸುಣ್ಣದಿಂದ ಎರಡು ಕಣ್ಣು, ದೊಡ್ಡ ಮೀಸೆ ಬರೆದು, ಕೋಲಿಗೆ ಬೋರಲು ಹಾಕಿ, ಹೊತ್ತು ಮುಳುಗುವಾಗ ಮೊಟ್ಟೆಯ ಪಕ್ಕದಲ್ಲೇ ನೆಟ್ಟರು. “ಗುರುತಾನೂ ಆತು, ದೃಷ್ಟೀನೂ ತಗೀತು. ದಾರಿ ಹಿಡದು ಹೋಗೋರ ಕಣ್ಣು ಬಾಣಂತಿಗೆ ತಟ್ಟಬಾರದು.” ಬೆಳೆಗೆ, ಹೊಸ ಮನೆಗೆ ಕಾವಲು ನಿಲ್ಲುವ ಗಡಿಗೆ ತಾಯಿಹಕ್ಕಿಗೆ ಬೇಡವೆಂದು ಯಾರಿಗಾದರೂ ಏಕೆ ಅನಿಸಬೇಕು?

ಸೋಮವಾರ ಬೆಳಿಗ್ಗೆ ಮೂವರೂ ಹೋದಾಗ ಹಕ್ಕಿ ಬಹಳ ದೂರ ನಿಂತಿತ್ತು. ಮೊಟ್ಟೆಯ ಕಡೆ ನಾಲ್ಕು ಹೆಜ್ಜೆ ಬರುವುದು, ಮೀಸೆ ನೋಡುವುದು, ತಿರುಗಿ ಹೋಗುವುದು. ಬಿಸಿಲು ಏರುತ್ತಿತ್ತು. ಆ ದಿನಗಳಲ್ಲಿ ಎರೆನೆಲ ಹೊತ್ತೇರುವಷ್ಟರಲ್ಲಿ ರೊಟ್ಟಿಯ ಹಂಚಾಗುತ್ತದೆ. ತಾಯಿ ಬಂದು ನೆರಳು ಕೊಡದಿದ್ದರೆ ಮೊಟ್ಟೆ ಇದ್ದಲ್ಲೇ ಬೇಯುತ್ತದೆ ಎಂದೆ.

“ನಿನ್ನ ಮೀಸಿ ಫೌಜದಾರಗ ಅಂಜೇತಿ ಅದು,” ಎಂದರು ಮಾವನವರು ಅತ್ತೆಗೆ. “ನಾ ಹೋಗಿ ಕಿತ್ತ ಬರ್ಲೇನು?”

ಅತ್ತೆಯವರ ಮುಖ ಸಣ್ಣದಾಯಿತು. “ನೆಟ್ಟ ಗಡಿಗಿ ಸುಗ್ಗಿತನಕಾ ಕೀಳಬಾರದ್ರಿ. ಅದು ನುಂಗಿದ ಕಣ್ಣು ಹೊಳ್ಳಿ ಮನಿ ಮ್ಯಾಲೆ ಬಂದ್ರ? ನನಗ ಇರಾಂವ ಒಬ್ಬ ಮಗ.”

ಅವರು ಅದನ್ನು ನಿಜವಾಗಿ ನಂಬಿದ್ದರು. ಹಕ್ಕಿ ಮತ್ತೊಮ್ಮೆ ಬಂತು. ಈ ಸಲ ಬಹಳ ಹತ್ತಿರ ಬಂದು, ಕುತ್ತಿಗೆ ಚಾಚಿ ನೋಡಿ, ಹಿಂದಕ್ಕೆ ಓಡಿತು. ಅತ್ತೆ ನನ್ನ ಕೈಯಿಂದ ಬೈನಾಕ್ಯುಲರ್ ಇಸಿದುಕೊಂಡು ಅದನ್ನೇ ನೋಡಿದರು.

“ಆಕಿಗೂ ಒಂದ ಅಲ್ಲಾ,” ಎಂದರು. ಮಾವನವರು ಏಳಲು ಹೋದಾಗ ತಡೆದರು. “ನೀವು ಬ್ಯಾಡ. ಬರೂದಿದ್ರ ನೆಟ್ಟಾಕಿ ಮ್ಯಾಲೆ ಬರಲಿ.”

ಸೆರಗು ತಲೆತುಂಬ ಹೊದ್ದು ಹೋದರು. ಕೋಲು ಕಿತ್ತರು. ಗುರುತಿಗೆಂದು ಸುತ್ತಲೂ ದೊಡ್ಡ ವರ್ತುಲವಾಗಿ ಅದೇ ಹೊಲದ ಕಪ್ಪು ಮಣ್ಣಿನ ಹೆಂಟೆಗಳನ್ನಿಟ್ಟರು. ಗಡಿಗೆಯ ಕಣ್ಣಿಗೆ ಸೆರಗಿನ ಚುಂಗು ಮುಚ್ಚಿ, ಅದನ್ನು ತಲೆಯ ಮೇಲೆ ಹೊತ್ತು, ನೀರು ತುಳುಕೀತು ಎನ್ನುವಂತೆ ನಡೆದು ಬಂದರು. ಆಮೇಲೆ ಮೂವರೂ ಜಾಲಿಯ ಮರೆಯಲ್ಲಿ ಬುತ್ತಿ ಬಿಚ್ಚದೆ ಕುಳಿತೆವು. ಹಕ್ಕಿ ಅಷ್ಟು ದೂರದಿಂದ ನಿಂತು ನಿಂತು ಬಂತು. ಬೈನಾಕ್ಯುಲರ್ ಅತ್ತೆಯವರ ಬಳಿಯೇ ಇತ್ತು, ಕೇಳುವ ಧೈರ್ಯ ನಮಗಿರಲಿಲ್ಲ.

“ಕುಂತಳು,” ಎಂದರು ಕೊನೆಗೆ.

ಮಂಗಳವಾರ ಕಾಕಾ ಹೆಂಟೆಗಳ ಸುತ್ತ ಕುಂಟೆ ಎತ್ತಿ ದಾಟಿಸಿದರು. ಎತ್ತುಗಳು ಹೋದ ಮೇಲೆ ಹಕ್ಕಿ ತಿರುಗಿ ಬಂತು.

“ಏನ್ ವೈನಿ, ನಿಮ್ಮ ಫೌಜದಾರನ ಡ್ಯೂಟಿ ಒಂದ ದಿನಕ್ಕ ಮುಗೀತೇನ್?” ಎಂದರು ಕಾಕಾ, ಮಾವನವರಿಂದ ಕಥೆ ಕೇಳಿ.

“ಟ್ರಾನ್ಸ್‌ಫರ್ ಆತು,” ಎಂದರು ಅತ್ತೆ. ಗಡಿಗೆ ನಮ್ಮ ಹಿತ್ತಲ ನುಗ್ಗೆಮರದಲ್ಲಿ, ಹೊಲದ ಕಡೆ ಮುಖ ಮಾಡಿ ಜೋತಿತ್ತು. ಹಕ್ಕಿಗೆ ಕಾಣದಷ್ಟು ದೂರ. ಕಾವಲು ಮಾತ್ರ ತಪ್ಪಬಾರದು.

ಮಳೆಗೆ ಸ್ವಲ್ಪ ಮೊದಲು ಒಂದು ದಿನ ಹೆಂಟೆಗಳ ನಡುವೆ ಒಡೆದ ಚಿಪ್ಪು ಮಾತ್ರ ಇತ್ತು. ತಾಯಿಯೂ ಇಲ್ಲ, ಮರಿಯೂ ಇಲ್ಲ. ಮರಿಯಾಗಿ ನಡೆದು ಹೋಯಿತೋ, ನರಿ ತಿಂದಿತೋ ಹೇಳುವಂತಿರಲಿಲ್ಲ. ಅತ್ತೆ ಇನ್ನೆರಡು ದಿನ ಹೋಗಿ ಆ ಹೆಂಟೆಗಳನ್ನು ನೋಡಿ ಬಂದರು. ಆಮೇಲೆ ಮಾವನವರು ಸೀಸನ್ನಿನ ಕೊನೆಯ ಮದುವೆ ಮುಗಿಸಿ ಬಂದರು. ಲಾಡು ಕೊಡುವುದಕ್ಕೂ ಮೊದಲೇ ಹೇಳಿದರು: “ಅಣ್ಣಿಗೇರಿ ದಾರ್ಯಾಗ ಬಸ್ಸಿನ ಕಿಟಕ್ಯಾಗಿಂದ ನೋಡಿದೆ. ಎರಿಭೂತ. ಹಿಂದ ಒಂದು ಮರಿ.”

ಅಣ್ಣಿಗೇರಿ ಎಲ್ಲಿ, ಮೊರಬ ಎಲ್ಲಿ. ಅಷ್ಟೆಳೆಯ ಮರಿ ಅಷ್ಟು ದೂರ ನಡೆಯುವುದು ಇಂಪಾಸಿಬಲ್. ಮಾವನವರು ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ.

“ಮರಿ ಗಟ್ಟಿಮುಟ್ಟ ಐತೇನ್ರಿ?” ಎಂದು ಕೇಳಿದರು ಅತ್ತೆ.

“ಓಡಾಕತ್ತಿತ್ತು.”

ಅತ್ತೆಯವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಹಿತ್ತಲಿಗೆ ಹೋದರು. ನುಗ್ಗೆಮರದ ಗಡಿಗೆಯ ಮೀಸೆಯ ಮುಖವನ್ನು ಅಣ್ಣಿಗೇರಿಯ ದಿಕ್ಕಿಗೆ ತಿರುಗಿಸಿ, ಬಂದು ಲಾಡು ಡಬ್ಬಿಗೆ ತುಂಬಿದರು.