ಎದುರಾಳಿ ‘ಹೌದು’ ಅನ್ನುವವರೆಗೆ

ಸ್ಟೀಲ್ ಲೋಟಕ್ಕೆ ಚಮಚ ಬಡಿದ ಸದ್ದು ಕಿವಿಗೆ ಬಿದ್ದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ಹೊಸನಗರದ ಒಂದು ಭಾಷಣ ಸ್ಪರ್ಧೆಯಲ್ಲಿ ಸಮಯ ನೋಡುವವರು ಹಾಗೆ ಬಡಿದರು. ವೇದಿಕೆಯ ಮೇಲಿದ್ದ ಹುಡುಗಿ, ಯಾರೋ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದ ವಾಕ್ಯವನ್ನು ನಡುವೆಯೇ ತುಂಡರಿಸಿ, ಕೈಮುಗಿದು ಇಳಿದಳು. ಮುಂದಿನವನು ಬಂದು ಹೆಚ್ಚುಕಡಿಮೆ ಅದನ್ನೇ ಒಪ್ಪಿಸಿದ. ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕೆಂದು ಅವರಿಗೆ ಹೇಳಿದವರೂ ಇರಲಿಲ್ಲ. ಸ್ಪರ್ಧೆ ಪಾಠದ ಒಳಗೇ ನಡೆಯಲಿ, ಎಲ್ಲ ಮಕ್ಕಳಿಗೂ ಸಿಗಲಿ ಎಂದು ಪ್ರತಿ ಜೂನ್ ತಿಂಗಳಲ್ಲೂ ಕೇಳಿಕೊಂಡು ಕೇಳಿಕೊಂಡು ನಾನು ರೋಸಿಹೋಗಿದ್ದೇನೆ. ನಾನು ಪಾಠ ಹೇಳುವ ಶಾಲೆಯ ಹೆಡ್‌ಮಾಸ್ಟರರ ಉತ್ತರ ಮಾತ್ರ ಬದಲಾಗುವುದಿಲ್ಲ: “ಪ್ರೈಜ್ ತರೋ ಒಂದು ಹೆಸ್ರು ಕೊಡಿ ಮೇಡಂ, ಸಾಕು. ಉಳಿದೋರ್ದು ಪೋರ್ಷನ್ ಮುಗ್ಸಿ.”

ನನ್ನ ಬೆನ್ನನ್ನು ಮೊದಲು ನೆಟ್ಟಗಾಗಿಸಿದ ಲೋಟ ಅತ್ತೆಯದು. ಕಾರ್ಗಲ್ಲಿನಲ್ಲಿ ಅಪ್ಪನಿಗೆ ಸಿಕ್ಕಿದ್ದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ನಾನು ಮತ್ತು ಮದುವೆಯಾಗದೆ ಉಳಿದಿದ್ದ ಅಪ್ಪನ ಅಕ್ಕನಾದ ಈ ಅತ್ತೆ ಇದ್ದೆವು. ಅಪ್ಪ ಅಣೆಕಟ್ಟಿನ ಪವರ್ ಹೌಸಿನ ನೌಕರ. ಅವನ ಖಾಕಿ ಅಂಗಿಯ ಮಶೀನ್ ಎಣ್ಣೆಯ ವಾಸನೆಯೂ ಅತ್ತೆಯ ಗಂಜಿ ಹಾಕಿದ ಸೀರೆಯ ವಾಸನೆಯೂ ಒಂದೇ ಹಗ್ಗದ ಮೇಲೆ ಬೆರೆಯುತ್ತಿದ್ದವು. ನನ್ನದೇ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಅತ್ತೆ, ಬೆಳಗಿನ ಕಾಫಿಯ ಲೋಟವನ್ನು ತೊಳೆದು ಚೀಲಕ್ಕೆ ಹಾಕಿಕೊಂಡೇ ಹೊರಡುವಳು. ಪ್ರತಿ ಪಾಠದ ಕೊನೆಗೂ ತರಗತಿಯಲ್ಲಿ ಚರ್ಚಾ ಸ್ಪರ್ಧೆ. ಅವಳ ಕಟ್ಟುಪಾಡು ಒಂದೇ: ನಿನ್ನ ಮಾತು ಶುರುಮಾಡುವ ಮೊದಲು ಎದುರಾಳಿ ಹೇಳಿದ್ದನ್ನು ನಿನ್ನ ಬಾಯಲ್ಲಿ ಹೇಳಬೇಕು. ಅವರು ‘ಹೌದು, ಅದೇ’ ಎಂದ ಮೇಲೆಯೇ ಚಮಚ ಲೋಟಕ್ಕೆ ಬಡಿದು, ನಿನ್ನ ಮೂರು ನಿಮಿಷ ಶುರುವಾಗುವುದು. ಇಂದಿನವರು ಮಾತು ನಿಲ್ಲಿಸಲು ಬಡಿಯುತ್ತಾರೆ. ಅತ್ತೆ ಮಾತಿಗೆ ಅಪ್ಪಣೆ ಕೊಡಲು ಬಡಿಯುತ್ತಿದ್ದಳು.

ಏಳನೆಯ ತರಗತಿಯಲ್ಲಿ ನದಿಗಳ ಪಾಠ ಮುಗಿದಾಗ, ನಮ್ಮೂರ ಅಣೆಕಟ್ಟಿನಿಂದ ಒಳ್ಳೆಯದಾಯಿತೇ ಎಂಬುದು ವಿಷಯವಾಯಿತು. ಒಳ್ಳೆಯದಾಯಿತು ಎನ್ನಲು ನಾನು. ಇಲ್ಲ ಎನ್ನಲು ಲಲಿತಾ. ಅವಳ ಹಿರಿಯರ ಊರು ಹಿನ್ನೀರಿನಡಿ ಹೋಗಿ, ಅಜ್ಜಿ ಬ್ಯಾಕೋಡಿನ ಕಡೆ ನೆಲೆಸಿದ್ದಳು. ಲಲಿತಾ ಮಾವನ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದಳು. ಅವಳು ಮೊದಲು ಮಾತಾಡಿದಳು. ನಾನು ಎದ್ದು, “ನಿಮ್ಮ ಮನೆ ಮುಳುಗ್ತು ಅಂತ ನಿನ್ನ ವಾದ” ಎಂದೆ.

“ಅಲ್ಲ.”

“ಗದ್ದೆ ಹೋಯ್ತು ಅಂತ.”

“ಅದೂ ಅಲ್ಲ.”

“ಎಂತದೇ, ಪವರ್ ಹೌಸ್ ಟ್ರಿಪ್ ಆಗಿ ಕರೆಂಟ್ ಹೋಯ್ತಾ?” ಎಂದು ಹಿಂದಿನ ಬೆಂಚು ನಕ್ಕಿತು. ಬೆಲ್ ಹೊಡೆಯಿತು. ಚಮಚ ಅಲುಗಲೇ ಇಲ್ಲ.

ಮನೆಗೆ ಬಂದವಳೇ ಚೀಲ ಎಸೆದೆ. “ಅವ್ಳು ಬೇಕಂತ್ಲೇ ಅಲ್ಲ ಅಂತಾಳೆ. ನೀನಾದ್ರೂ ಸಾಕು ಅನ್ಬಾರ್ದಾ ಅತ್ತೆ?”

“ನಾನ್ಯಾರೇ ಸಾಕು ಅನ್ನಕ್ಕೆ? ಮಾತು ಅವಳ್ದು. ಹೋಗಿ ಅವಳ್ನೇ ಕೇಳು ಮಾರಾಯ್ತಿ.”

“ಡ್ಯಾಮಿನ ಅನ್ನ ಉಂಡ್ಕೊಂಡು ಡ್ಯಾಮ್ ಬ್ಯಾಡ ಅಂತ ಹೇಳಿಸ್ಬೇಡ ಅಕ್ಕಾ” ಎಂದು ಅಪ್ಪ ಪೇಪರಿನ ಹಿಂದಿನಿಂದ ನಕ್ಕ.

ಗೆಲ್ಲುವ ಆಸೆಗೇ ಮರುದಿನ ಕೇಳಿದೆ. “ನಿನ್ನೇನೇ ಹೇಳಿದ್ನಲ್ಲೇ” ಎಂದಳು ಲಲಿತಾ. “ನೀನು ನಿನ್ನ ಭಾಷಣಾನೇ ತುಟೀಲಿ ಅಲ್ಲಾಡಿಸ್ತಾ ಕೂತಿದ್ದೆ.” ಆಮೇಲೆ ಇನ್ನೊಮ್ಮೆ ಹೇಳಿದಳು. ಈ ಸಲ ಕೇಳಿಸಿಕೊಂಡೆ.

ಮುಂದಿನ ಪೀರಿಯಡ್‌ನಲ್ಲಿ ಎದ್ದು ನಿಂತು ಒಪ್ಪಿಸಿದೆ: ಲಲಿತಾಳ ಅಜ್ಜಿಯನ್ನು ಯಾರಾದರೂ ಮನೆಯ ದಾರಿ ಕೇಳಿದರೆ, ಅವಳು ನೀರಿನೊಳಗಿನ ದಾರಿ ಹೇಳುತ್ತಾಳೆ. ಕಟ್ಟೆ ದಾಟಿ, ಹಲಸಿನ ಮರದ ಹತ್ತಿರ ಎಡಕ್ಕೆ ಎನ್ನುತ್ತಾಳೆ. ಹೊಸ ಊರಿನ ದಾರಿ ಅವಳ ಬಾಯಿಗೆ ಬರುವುದೇ ಇಲ್ಲ.

“ಹೌದು, ಅದೇ” ಎಂದಳು ಲಲಿತಾ, ಬಹಳ ಮೆಲ್ಲಗೆ. ಚಮಚ ಬಡಿಯಿತು. ವಿದ್ಯುತ್ತು, ದೀಪ, ಕಾರ್ಖಾನೆ ಎಂದು ನಾನು ಸಿದ್ಧಮಾಡಿದ್ದೆಲ್ಲ ನಿಜವೇ ಆಗಿತ್ತು. ಆದರೂ ಅರ್ಧ ನಿಮಿಷದಲ್ಲಿ ಮುಗಿಸಿ ಕೂತೆ. ಯಾರು ಗೆದ್ದರೆಂದು ಅತ್ತೆ ಹೇಳಲಿಲ್ಲ. “ನದಿ ಪಾಠ ಇವತ್ತಿಗೆ ಮುಗೀತು” ಎಂದಳು, ಅಷ್ಟೇ. ಮುಂದೆ ಕಾಲೇಜಿನ ಚರ್ಚೆಗಳಲ್ಲಿ ಷೀಲ್ಡುಗಳನ್ನು ಗೆದ್ದೆ. ಅಷ್ಟು ಗಮನವಿಟ್ಟು ಇನ್ನೊಬ್ಬರ ಮಾತು ಕೇಳಿದ ನೆನಪು ಅಲ್ಲಿಯದು ಒಂದೂ ಇಲ್ಲ.

ಅತ್ತೆ ಹೋಗಿ ಎಷ್ಟೋ ವರ್ಷಗಳಾದವು. ಅಪ್ಪ ಅಮ್ಮನೂ ಇಲ್ಲ. ಕೆಲಸದವರು ಕಡಿಮೆಯಾದಂತೆ ಕ್ವಾರ್ಟರ್ಸ್ ಖಾಲಿಯಾಗಿ, ನಮ್ಮ ಮನೆಯಿದ್ದ ಸಾಲೇ ಬಿದ್ದು, ಈಗ ಅಲ್ಲಿ ಲಂಟಾನದ ಪೊದೆ. ನಿಮ್ಮಲ್ಲೂ ಅಂಥದೊಂದು ಮನೆ ಹೋಗಿರಬಹುದು. ಹಾಗಾದರೆ ನಾನು ಹೆಚ್ಚು ಹೇಳಬೇಕಿಲ್ಲ. ಕಳೆದ ವಾರ ಪೋರ್ಷನ್ನಿನಿಂದ ಹತ್ತು ನಿಮಿಷ ಕದ್ದು, ಇದು ನನ್ನ ಟೀಚರ್ ಕಲಿಸಿದ್ದು ಎಂದು ಹೇಳಿ ತರಗತಿಯ ಮೇಜಿನ ಮೇಲೆ ಲೋಟ ಇಟ್ಟೆ. ಒಬ್ಬ ಹುಡುಗಿ ಎದುರಾಳಿಗೆ ಮೂರು ಸಲ ‘ಅಲ್ಲ’ ಎಂದಳು, ಬೆಲ್ ಆಯಿತು. ಹೊರಡುವಾಗ ಅವಳೇ ಬಂದು, “ಇದ್ನ ನಿಮ್ಗೆ ಕಲಿಸಿದ ಟೀಚರ್ ಮನೆ ಎಲ್ಲಿ ಬರತ್ತೆ ಮೇಡಂ?” ಎಂದಳು.

“ಕಾರ್ಗಲ್ಲಲ್ಲಿ ಬಸ್ ಇಳಿದು ಕ್ಯಾಂಟೀನ್ ದಾಟು” ಎಂದೆ. “ನಲ್ಲಿ ಕಟ್ಟೆ ಹತ್ರ ಬಲಕ್ಕೆ ತಿರುಗು. ಮೂರನೇದು, ಹಸಿರು ಬಾಗ್ಲು.”

ಹುಡುಗಿ ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ನಾನು ತಡೆಯಲಿಲ್ಲ.