ಓನರ್ ಅಕ್ಕನ ಟೆಸ್ಟ್ ರೈಡ್

ಮೊನ್ನೆ ಊಟದ ಹೊತ್ತಿಗೆ ನಮ್ಮ ಆಫೀಸಿನವರ ಮೊಬೈಲ್ ಗುಂಪಿಗೆ ಯಾರೋ ಒಂದು ವಿಡಿಯೋ ಹಾಕಿದರು. ನನ್ನ ಪಕ್ಕ ಕೂತಿದ್ದ ಸಹೋದ್ಯೋಗಿ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಅದನ್ನು ನೋಡಿ ನಕ್ಕು, ಫೋನನ್ನು ನನ್ನ ಕಡೆ ತಿರುಗಿಸಿದ. ಚೂಡಿದಾರ ತೊಟ್ಟು ಹೆಲ್ಮೆಟ್ ಹಾಕಿದ ಒಬ್ಬ ಹೆಂಗಸು ಶೋರೂಮಿನ ಮುಂದೆ ದೊಡ್ಡ ಕ್ರೂಸರ್ ಬೈಕಿನ ಮೇಲೆ ಕೂತಿದ್ದಾರೆ. ಬೈಕು ಮೆಲ್ಲಗೆ ಬಲಕ್ಕೆ ವಾಲುತ್ತದೆ, ವಾಲುತ್ತಲೇ ಹೋಗಿ ನೆಲಕ್ಕೆ ಮಲಗುತ್ತದೆ. ಅಷ್ಟೇ. ಹಿನ್ನೆಲೆಯಲ್ಲಿ ತಮಾಷೆಯ ಸಂಗೀತ. ಹಳೆಯ ವಿಡಿಯೋ ಅದು, ಆದರೆ ಈ ಸಲ ಕೆಳಗೆ ಹೊಸದೊಂದು ಸಾಲು ಸೇರಿತ್ತು: "ಈ ಆಂಟಿ ಆಮೇಲೆ ಇದೇ ಬೈಕಲ್ಲಿ ಬಿದ್ದು ಸತ್ತೇ ಹೋದ್ರಂತೆ."

ನಾನು ಡಬ್ಬಿ ಮುಚ್ಚಿದೆ. "ಇವರು ನಮ್ಮ ಮನೆ ಓನರ್. ಬೈಕಿಂದ ಬಿದ್ದು ಸತ್ತವರಲ್ಲ" ಎಂದೆ. ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಾರಿ ಅಂದ. ಸಾರಿ ಅಂದವನು ಆ ವಿಡಿಯೋವನ್ನು ಇನ್ನೂ ನಾಲ್ಕು ಜನಕ್ಕೆ ಆಗಲೇ ಕಳಿಸಿಯಾಗಿತ್ತು.

ಆ ವಿಡಿಯೋ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದೆ ಏನಾಯಿತು ಎಂದು ನನಗೆ ಗೊತ್ತು. ನಾನು ಅಲ್ಲೇ ಇದ್ದೆ.

ನಾಗಸಂದ್ರದ ಮೆಟ್ರೋ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದು ಮೂರಂತಸ್ತಿನ ಮನೆ. ಗಂಡನ ಮನೆಯವರ ರಾಗಿ ಹೊಲ ಇದ್ದ ಜಾಗ ಅದು. ಕೆಳಗೆ ಗಂಡ ಹೆಂಡತಿ, ಮೇಲೆಲ್ಲ ಬಾಡಿಗೆಯವರು. ಪೀಣ್ಯದ ಕಂಪನಿಯೊಂದರ ಪರ್ಚೇಸ್ ವಿಭಾಗಕ್ಕೆಂದು ದಾವಣಗೆರೆಯಿಂದ ಬಂದ ನಾನು ಅಂದಿನಿಂದಲೂ ಅದೇ ಮನೆಯಲ್ಲಿದ್ದೇನೆ. ಬಾಡಿಗೆಯವರೆಲ್ಲ ಅವರನ್ನು ಓನರ್ ಅಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತು ದಾಟಿದ, ಗಿಡ್ಡನೆಯ, ಗಟ್ಟಿ ಮೈಯ ಹೆಂಗಸು. ಬೆಳಿಗ್ಗೆ ನೀರಿನ ಮೋಟರ್ ಹಾಕಿದ ಹೊತ್ತಿನಿಂದ ಅವರ ದನಿ ಮೆಟ್ಟಿಲುಗಳ ಮೇಲೆ ಓಡಾಡುತ್ತಿತ್ತು.

ಅವರ ಯಜಮಾನರು ಮೆತ್ತಗಿನ ಮನುಷ್ಯ. ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ದುಡಿದವರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಣ್ಣು ಮಂಜಾದ ವರ್ಷವೇ ಓನರ್ ಅಕ್ಕ ಗಂಡನ ಹಳೇ ಬೈಕನ್ನು ಕಲಿತರಂತೆ. ಕಲಿಸಿದವರೂ ಯಜಮಾನರೇ. ಹಿಂದೆ ಕೂತು, ಎಂಜಿನ್ನಿನ ಸದ್ದು ಕೇಳಿಕೊಂಡೇ, ಈಗ ಗೇರ್ ಹಾಕು, ಈಗ ಇಳಿಸು ಎಂದು ಹೇಳಿಕೊಡುತ್ತಿದ್ದರಂತೆ. ಆಮೇಲೆ ಲೈಸೆನ್ಸೂ ಆಯಿತು. ಕಣ್ಣಾಸ್ಪತ್ರೆಗೆ, ಮದುವೆ ಮನೆಗೆ, ಅತ್ತಿಬೆಲೆಗೆ ಕೊಟ್ಟಿದ್ದ ಮಗಳ ಮನೆಗೆ, ಎಲ್ಲಿಗೇ ಹೊರಟರೂ ಹೆಂಡತಿ ಮುಂದೆ, ಗಂಡ ಹಿಂದೆ. ಬೀದಿಯವರು ಆಡಿಕೊಂಡು ಆಡಿಕೊಂಡು, ಸುಸ್ತಾಗಿ ಬಿಟ್ಟಿದ್ದರು.

ಆ ಹಳೇ ಬೈಕು ರಿಪೇರಿಗೂ ಬಾರದ ಹಾಗಾದಾಗ ಯಜಮಾನರಿಗೆ ಬೆನ್ನು ನೋವೂ ಶುರುವಾಗಿತ್ತು. ಅದೇ ಸುಮಾರಿಗೆ ಬಾಡಿಗೆಯವರ ಮನೆಗೆ ಬಂದ ನೆಂಟರೊಬ್ಬರು ಗೇಟಿನೊಳಗೆ ದೊಡ್ಡದೊಂದು ಕ್ರೂಸರ್ ನಿಲ್ಲಿಸಿದರು. ತಗ್ಗಾದ ಅಗಲ ಸೀಟು, ಹಿಂದೆ ಕೂರುವವರಿಗೆ ಬೆನ್ನಿಗೊಂದು ದಿಂಬು. ನಾನು ಆಫೀಸಿಗೆ ಹೊರಟಾಗ ಅಕ್ಕ, ನೆಂಟರನ್ನು ಕೇಳಿ, ಅದರ ಮೇಲೆ ಹತ್ತಿ ಕೂತಿದ್ದರು.

"ಇಲ್ನೋಡಮ್ಮ, ಎರಡು ಕಾಲೂ ನೆಲಕ್ಕೆ ಊರ್ತವೆ. ಅವ್ರಿಗೂ ಬೆನ್ ಒರಗ್ಸಕ್ಕೆ ಆಯ್ತದೆ. ನಮ್ಗೇ ಅಂತ ಮಾಡ್ದಂಗೈತೆ" ಅಂದರು.

ಮುಂದಿನ ಶನಿವಾರ ಮೂವರೂ ತುಮಕೂರು ರಸ್ತೆಯ ಶೋರೂಮಿಗೆ ಹೋದೆವು. ಟೈ ಕಟ್ಟಿದ ಸೇಲ್ಸ್‌ನವನು ನೇರವಾಗಿ ಯಜಮಾನರ ಹತ್ತಿರ ಬಂದು, "ಹೇಳಿ ಸಾರ್, ಮಗನಿಗಾ ಗಾಡಿ?" ಅಂದ.

"ಇಲ್ಲಪ್ಪ, ಓಡ್ಸೋಳು ಇವ್ಳು. ಇವ್ಳ್ನೇ ಕೇಳು" ಎಂದರು ಯಜಮಾನರು.

ಅವನು ಅದನ್ನು ಜೋಕ್ ಅಂದುಕೊಂಡು ನಕ್ಕ. ಜೋಕಲ್ಲ ಎಂದು ತಿಳಿದ ಮೇಲೆ, ಪಕ್ಕದಲ್ಲೇ ಸ್ಕೂಟರ್ ಶೋರೂಮ್ ಇದೆ, ಮೇಡಮ್‌ಗೆ ಅದು ಕಂಫರ್ಟಬಲ್ ಆಗತ್ತೆ ಅಂದ. ಅಕ್ಕ ಟೆಸ್ಟ್ ರೈಡ್ ಕೇಳಿದಾಗ ಗಾಡಿ ಸರ್ವೀಸಿಗೆ ಹೋಗಿದೆ ಅಂದ. ಅವನು ಹಾಗೆ ಹೇಳುತ್ತಿರುವಾಗಲೇ ಮೀಸೆ ಮೂಡದ ಕಾಲೇಜು ಹುಡುಗನೊಬ್ಬ ಅದೇ ಗಾಡಿಯನ್ನು ಒಂದು ಸುತ್ತು ಹೊಡೆದು ತಂದು ಬಾಗಿಲಲ್ಲಿ ನಿಲ್ಲಿಸಿದ. ಸರ್ವೀಸಿಗೆ ಹೋಗಿದ್ದ ಗಾಡಿ ಅಷ್ಟು ಬೇಗ ವಾಪಸ್ ಬಂದಿತ್ತು.

ನಾನು ದನಿ ಏರಿಸಿದೆ. ಮ್ಯಾನೇಜರ್ ಕ್ಯಾಬಿನ್ನಿಂದ ಹೊರಗೆ ಬಂದರು. ಓನರ್ ಅಕ್ಕ ತಮ್ಮ ಲೈಸೆನ್ಸನ್ನು ಅವರ ಕೈಗೆ ಕೊಟ್ಟರು. ಮ್ಯಾನೇಜರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನೂರು ಕೆಜಿ ಮೇಲಿದೆ ಮೇಡಂ ಇದು. ನಿಮ್ಮ ಸೇಫ್ಟಿಗೇ ಹೇಳ್ತಿರೋದು" ಅಂದರು.

"ನಾನೇನು ಅದನ್ನ ಒತ್ಕೊಂಡು ಓಗಲ್ಲಪ್ಪ. ಅದೇ ನನ್ನ ಒತ್ಕೊಂಡು ಓಯ್ತದೆ."

ಮ್ಯಾನೇಜರ್ ಲೈಸೆನ್ಸ್ ವಾಪಸ್ ಮಾಡಿದರು. ಕೀ ಕೊಟ್ಟರು.

ಗಾಡಿ ನಿಂತಿದ್ದದ್ದು ಶೋರೂಮಿನ ಮುಂದಿನ ಇಳಿಜಾರಿನಲ್ಲಿ. ಬೆಳಿಗ್ಗೆಯಷ್ಟೇ ತೊಳೆದ ಟೈಲ್ಸ್ ಇನ್ನೂ ಒದ್ದೆಯಾಗಿತ್ತು. ಆ ಹುಡುಗನಿಗೆ ಗಾಡಿಯನ್ನು ರಸ್ತೆಗೆ ಇಳಿಸಿ ಕೊಟ್ಟಿದ್ದರು, ಅಕ್ಕನಿಗೆ ಯಾರೂ ಇಳಿಸಿ ಕೊಡಲಿಲ್ಲ. ಶೋರೂಮಿನವರೆಲ್ಲ ಕೈ ಕಟ್ಟಿ ನಿಂತು ನೋಡಿದರು. ಅಕ್ಕ ಹತ್ತಿ ಕೂತು, ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ತಿರುಗಿಸುವಾಗ ಬಲಗಾಲು ಜಾರಿತು. ಬೈಕು ನಿಧಾನವಾಗಿ ವಾಲಿ ಮಲಗಿತು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ನಾನು ಓಡಿದೆ. ಅಕ್ಕ ಅಷ್ಟರಲ್ಲಿ ಕಾಲು ಬಿಡಿಸಿಕೊಂಡು ಎದ್ದು ನಿಂತಿದ್ದರು. "ಯಾರೂ ಮುಟ್ಬೇಡಿ" ಎಂದರು, ನನ್ನನ್ನು ಬಿಟ್ಟರೆ ಮುಟ್ಟಲು ಯಾರೂ ಬಂದಿರದಿದ್ದರೂ. ಎಂಜಿನ್ ಆರಿಸಿ, ಸೈಡ್ ಸ್ಟ್ಯಾಂಡ್ ಎಳೆದಿಟ್ಟು, ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತರು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಸೀಟಿನ ಕೆಳಗಿನ ಕಂಬಿ. ಹಿಂದಕ್ಕೆ ಒತ್ತುತ್ತಾ ಒತ್ತುತ್ತಾ ಕಾಲಿನ ಬಲದಿಂದಲೇ ಎದ್ದರು. ಅವರ ಜೊತೆ ಬೈಕೂ ಎದ್ದಿತು. ಉಸಿರು ಬಿಟ್ಟು, ದುಪಟ್ಟಾವನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡರು. ಇಷ್ಟು ಹೊತ್ತೂ ಅಲ್ಲಿದ್ದ ಒಬ್ಬನ ಕೈಯಲ್ಲಿ ಫೋನ್ ಇತ್ತು... ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಟೆಸ್ಟ್ ರೈಡಿನಲ್ಲಿ ಸೇಲ್ಸ್‌ನವನು ಹಿಂದೆ ಕೂರಬೇಕು, ಅದು ಅವರ ನಿಯಮ. ಅವನು ಮ್ಯಾನೇಜರ್ ಮುಖ ನೋಡಿ, "ನಾನು ಕೂರಲ್ಲ ಸಾರ್" ಅಂದುಬಿಟ್ಟ.

"ಬಾರಮ್ಮ, ನೀನ್ ಕೂತ್ಕೊ" ಅಂದರು ಅಕ್ಕ ನನಗೆ.

ಕೂತೆ. ನನಗೆ ಭಯ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸರ್ವೀಸ್ ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಕ್ಕ ಅವುಗಳ ಪಕ್ಕದಲ್ಲಿ, ಎರಡೂ ಕಾಲು ಚಾಚಿಕೊಂಡು, ಆಮೆಯಂತೆ ಸಾಗಿದರು. ಮೇಲ್ಸೇತುವೆಯ ಕೆಳಗಿನ ತಿರುವಿನಲ್ಲಿ ಒಂದು ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಅಡ್ಡ ಬಂತು. ಅವರು ನಿಂತರು, ಕಾಲೂರಿ, ಅದು ಹೋಗುವವರೆಗೂ ಕಾದರು. ಆಮೇಲೆ ತಿರುಗಿ, ರಸ್ತೆ ಬಿಡುವಾದ ಕಡೆ ಗೇರ್ ಏರಿಸಿದರು. ಕೆಳಗೆ ಎಂಜಿನ್ನು ದಪ್ಪ ದನಿಯಲ್ಲಿ ಗುಡುಗುಡು ಅನ್ನುತ್ತಿತ್ತು, ಆ ನಡುಕ ನನ್ನ ಎದೆಯವರೆಗೂ ಬರುತ್ತಿತ್ತು. ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಬೆನ್ನ ಹಿಂದೆ ಕೂತವಳಿಗೆ ಮುಖ ಕಾಣದಿದ್ದರೂ, ಆ ಹೆಂಗಸು ನಗುತ್ತಿದ್ದಾರೆ ಎಂದು ಗೊತ್ತಾಯಿತು.

"ಎಮ್ಮೆ ತರಾನೇ ಕಣಮ್ಮ ಇದು" ಎಂದು ಗಾಳಿಯಲ್ಲಿ ಕೂಗಿದರು. "ನಿಂತಿದ್ರೆ ಮೊಂಡು, ನಡೆಯಕ್ ಬಿಟ್ರೆ ಸಾಧು."

ವಾಪಸ್ ಬಂದು ಅದೇ ಇಳಿಜಾರನ್ನು ಹತ್ತಿಸಿ, ಗಾಡಿ ಮೊದಲು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದರು. ಅದನ್ನು ಯಾರೂ ಚಿತ್ರೀಕರಿಸಲಿಲ್ಲ. ಒಳಗೆ ಯಜಮಾನರು ಕಾಫಿ ಲೋಟ ಹಿಡಿದು ಕೂತಿದ್ದರು. ಮನೆಗೆ ಬರುವಾಗ ಆಟೋದಲ್ಲಿ ಹೇಳಿದರು: "ನೀವಿಬ್ರೂ ಅತ್ಲಾಗ್ ಓದ್ಮೇಲೆ ಅವ್ರೆಲ್ಲ ಫೋನ್ ನೋಡ್ಕೊಂಡು ಬೋ ನಗ್ತಿದ್ರು. ಏನಪ್ಪಾ ಅಂತ ಕೇಳ್ದೆ. ಏನಿಲ್ಲ ಅಂಕಲ್ ಅಂದ್ರು."

ಕಣ್ಣು ಕಾಣದ ಗಂಡನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೆಂಡತಿ ಬಿದ್ದದ್ದನ್ನು ಮತ್ತೆ ಮತ್ತೆ ನೋಡಿ ನಕ್ಕವರು ಅವರು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮರುದಿನ ಸಂಜೆಯೊಳಗೆ ವಿಡಿಯೋ ನಮ್ಮ ಬೀದಿಗೆ ಬಂತು. ಹಾಲಿನ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಮೇಲಿನ ಮನೆಯ ಬಾಡಿಗೆಯವರ ಫೋನಿನಲ್ಲಿ, ಎಲ್ಲೆಲ್ಲೂ ಅದೇ. ಅಕ್ಕನ ತಮ್ಮನೇ ಫೋನ್ ಮಾಡಿ, ಮನೆತನದ ಮರ್ಯಾದೆ ಬೀದಿಗೆ ತಂದೆ ಎಂದು ಬೈದ. ಫೋನ್ ಇಟ್ಟ ಮೇಲೆ ಅಕ್ಕ ಅಡುಗೆ ಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. "ನಡಿಯಮ್ಮ, ಓಗ್ಬರಣ" ಎಂದರು.

ಮ್ಯಾನೇಜರ್ ಈ ಸಲ ಬಹಳ ವಿನಯ. ನಮ್ಮ ಸ್ಟಾಫ್ ಅಲ್ಲ ಮೇಡಂ, ಯಾರೋ ಕಸ್ಟಮರ್ ಇರಬೇಕು, ತೆಗೆಸೋಕೆ ಪ್ರಯತ್ನ ಮಾಡ್ತೀವಿ ಎಂದರು.

"ತೆಗೀಬ್ಯಾಡಿ" ಅಂದರು ಅಕ್ಕ. "ಬಿದ್ದಿದ್ದು ನಿಜ. ಮಿಕ್ಕಿದ್ದೂ ನಿಜ ಅಲ್ವಾ? ಅದ್ನೂ ಆಕಿ." ಬಾಗಿಲ ಮೇಲಿನ ಕ್ಯಾಮೆರಾ ತೋರಿಸಿ, "ಅದ್ರಲ್ಲಿ ಎಲ್ಲಾ ಐತಲ್ಲ" ಎಂದರು.

ಕ್ಯಾಮೆರಾದ್ದು ಕೊಡಲು ಹೆಡ್ ಆಫೀಸ್ ಪರ್ಮಿಷನ್ ಬೇಕು ಎಂಬ ಉತ್ತರ ಬಂತು. ನಾನು ವಾರಗಟ್ಟಲೆ ಫೋನ್ ಮಾಡಿದೆ. ಕೊನೆಗೆ, ಹಳೇ ರೆಕಾರ್ಡಿಂಗ್ ತಾನಾಗೇ ಅಳಿಸಿಹೋಗುತ್ತದೆ ಎಂದರು. ಬಿದ್ದದ್ದು ಮಾತ್ರ ಅಳಿಯದೆ ಉಳಿಯಿತು.

ಓನರ್ ಅಕ್ಕ ಬೈಕು ಕೊಂಡರು. ಊರಿನ ಈ ತುದಿಯಲ್ಲಲ್ಲ, ಆ ತುದಿಯ ಅತ್ತಿಬೆಲೆಯಲ್ಲಿ, ಮಗಳ ಮನೆ ಹತ್ತಿರದ ಸಣ್ಣ ಶೋರೂಮಿನಲ್ಲಿ. ಅಲ್ಲಿಂದ ನಾಗಸಂದ್ರದವರೆಗೆ, ಇಡೀ ಬೆಂಗಳೂರನ್ನು ದಾಟಿ, ಯಜಮಾನರನ್ನು ಹಿಂದೆ ಕೂರಿಸಿಕೊಂಡು ಓಡಿಸಿ ತಂದರು. ಗೇಟಿನಲ್ಲಿ ಇಳಿದ ಯಜಮಾನರು, ಬೆನ್ನು ಒಂಚೂರೂ ನೋಯಲಿಲ್ಲ ಎಂದು ಕಂಡವರಿಗೆಲ್ಲ ಹೇಳಿದರು. ಆಮೇಲೆ ಹೆಚ್ಚುಕಮ್ಮಿ ಮೂರು ವರ್ಷ ಆ ಜೋಡಿ ಓಡಾಡಿತು. ಒಮ್ಮೆಯೂ ಬೈಕು ಬೀಳಲಿಲ್ಲ. ಗುರುತು ಹಿಡಿದ ಹುಡುಗರು ಸಿಗ್ನಲ್ಲಿನಲ್ಲಿ "ಆಂಟಿ, ಹುಷಾರು" ಎಂದು ಕೂಗುತ್ತಿದ್ದರು. ಅಕ್ಕ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಮಾತ್ರ, "ಎಷ್ಟ್ ದಿನ ಅಂತ ಅದ್ನೇ ನೋಡ್ತಾರಮ್ಮ ಇವ್ರು" ಎಂದು ಕೇಳಿದ್ದರು.

ಒಂದು ಮಳೆಗಾಲದಲ್ಲಿ ಅವರಿಗೆ ಡೆಂಗ್ಯೂ ಬಂತು. ಜ್ವರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೀರಿನ ಮೋಟರ್ ಹಾಕುತ್ತಾ ಓಡಾಡಿದವರು, ಆಸ್ಪತ್ರೆ ಸೇರಿದ ಮೇಲೆ ಮನೆಗೆ ಬರಲಿಲ್ಲ. ಸಾವಿನ ಮನೆಗೆ ಬಂದವರಲ್ಲಿ ಇಬ್ಬರು ಮೂವರು ನನ್ನನ್ನೇ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಬೈಕಿಂದ ಬಿದ್ರಂತೆ, ಹೌದಾ?" ಸೊಳ್ಳೆ ಕಚ್ಚಿ ಹೋದರು ಎಂದರೆ ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ, ನಿರಾಸೆ ಕಂಡಿತು. ವಿಡಿಯೋಗೆ ತಕ್ಕ ಸಾವು ಅವರಿಗೆ ಬೇಕಿತ್ತು. ಈಗ ಅದನ್ನು ವಿಡಿಯೋದ ಕೆಳಗೆ ಬರೆದೂ ಬಿಟ್ಟಿದ್ದಾರೆ. ಬರೆದವರು ಯಾರೋ, ಅವರಿಗೆ ನಾಗಸಂದ್ರವೂ ಗೊತ್ತಿರಲಿಕ್ಕಿಲ್ಲ.

ಬೈಕನ್ನು ಅಳಿಯ ಅತ್ತಿಬೆಲೆಗೆ ಒಯ್ದು ಯಾರಿಗೋ ಮಾರಿದರು. ಮಗಳು ತನ್ನ ಜೊತೆಗೆ ಬನ್ನಿ ಎಂದು ಎಷ್ಟೇ ಕರೆದರೂ ಯಜಮಾನರು ಹೋಗಿಲ್ಲ. ಕೆಳಗಿನ ಮನೆಯಲ್ಲೇ ಇದ್ದಾರೆ. ಕಣ್ಣಾಸ್ಪತ್ರೆಯ ದಿನ ಮೇಲಿನ ಮನೆಯವರು ಯಾರಾದರೂ ಬೈಕ್ ಟ್ಯಾಕ್ಸಿ ಕರೆಸಿ ಕೊಡುತ್ತೇವೆ.

ಹೋದ ವಾರ ನಾನು ಆಫೀಸಿನಿಂದ ಬಂದಾಗ ಅವರು ಗೇಟಿನ ಮುಂದೆ ಟ್ಯಾಕ್ಸಿಯಿಂದ ಇಳಿಯುತ್ತಿದ್ದರು. ಟ್ಯಾಕ್ಸಿಯವನು ಸಿಡುಕುತ್ತಿದ್ದ. "ಹೆಗಲ ಮೇಲೆ ಕೈ ಇಡಬೇಡಿ ಅಂತ ಎಷ್ಟು ಸಲ ಹೇಳೋದು ತಾತ. ಹಿಂದೆ ಕಂಬಿ ಇದೆ, ಅದನ್ನ ಹಿಡ್ಕೊಬೇಕು."

ನಾನು ಅವನ ಮೇಲೆ ರೇಗಿದೆ. ಅವನು ಗೊಣಗಿಕೊಂಡೇ ಗಾಡಿ ತಿರುಗಿಸಿ ಹೋದ.

"ಬಿಡವ್ವ, ಅವಂದೇನ್ ತಪ್ಪು" ಎಂದರು ಯಜಮಾನರು. ಎರಡೂ ಕೈಯನ್ನು ಒಂದಕ್ಕೊಂದು ಉಜ್ಜಿಕೊಂಡರು. "ಕೂತ ತಕ್ಷಣ ಕೈ ಅಂಗೇ ಓಯ್ತದೆ. ಇಟ್ಮೇಲೇ ಗೊತ್ತಾಗೋದು, ಅವಳಲ್ಲ ಅಂತ."